ಒಂದೇ ಇಸವಿಯ ಹಳೆಯ ಬೋರ್ಡೋ, ಹತ್ತು ಜನರ ಊಟ: ಯಾವ ವರ್ಷ, ಯಾವ ದಡ?

ಫ್ರಾನ್ಸಿನ ಬೋರ್ಡೋ ಸೀಮೆಯ ಹಳೆಯ ಕೆಂಪು ವೈನಿನ ಆರು ಬಾಟಲಿ, ಹತ್ತು ಜನ, ಒಂದು ರಾತ್ರಿ. ಎಲ್ಲ ಬಾಟಲಿಯ ಮೇಲೂ ಒಂದೇ ಇಸವಿ, ಅಂದರೆ ದ್ರಾಕ್ಷಿ ಕೊಯ್ದ ವರ್ಷ. ಮಳೆ, ಬಿಸಿಲು ಎಲ್ಲಕ್ಕೂ ಒಂದೇ ಆಗಿದ್ದರಿಂದ ಗ್ಲಾಸಿನಿಂದ ಗ್ಲಾಸಿಗೆ ಕಾಣುವ ವ್ಯತ್ಯಾಸವೆಲ್ಲ ಮಣ್ಣಿನದು, ತಳಿಯದು, ಮಾಡಿದವರ ಕೈಯದು. ಇಂಥ ಊಟದ ಸೊಗಸು ಇರುವುದೇ ಅಲ್ಲಿ. ಒಂದೇ ಮಳೆಗಾಲ ಕಂಡ ತೀರ್ಥಹಳ್ಳಿಯ ತೋಟದ ಅಡಿಕೆಗೂ ಸಾಗರದ ತೋಟದ ಅಡಿಕೆಗೂ ಇರುವ ಅಂತರ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೆ ವರ್ಷವನ್ನೇ ತಪ್ಪಾಗಿ ಆರಿಸಿದರೆ ಆರೂ ಬಾಟಲಿ ಒಟ್ಟಿಗೆ ಕೈಕೊಡುತ್ತವೆ. ಹೆಚ್ಚಿನವರು ಎಡವುವುದು ಒಂದೇ ಕಡೆ: ಹೆಸರು ಮಾಡಿದ ವರ್ಷದ ಹಿಂದೆ ಹೋಗುತ್ತಾರೆ. ಶ್ರೇಷ್ಠ ವರ್ಷ ಬೇರೆ, ಈಗ ಹದಕ್ಕೆ ಬಂದಿರುವ ವರ್ಷ ಬೇರೆ. ಊಟಕ್ಕೆ ಬೇಕಾದದ್ದು ಎರಡನೆಯದು.

ಹದ ಅಂದರೇನು

ಅಡಿಕೆ ಬೇಯಿಸಿದ ಹಂಡೆಯ ಚೊಗರನ್ನು ಬೆರಳಲ್ಲಿ ಅದ್ದಿ ನಾಲಗೆಗೆ ತಾಗಿಸಿದರೆ ವಸಡು ಬಿಗಿದು ಬಾಯಿ ಒಣಗುತ್ತದಲ್ಲ, ಎಳೆಯ ಬೋರ್ಡೋದಲ್ಲಿ ಇರುವುದೂ ಅದೇ ಜಾತಿಯ ಒಗರು, ಟ್ಯಾನಿನ್. ದ್ರಾಕ್ಷಿಯ ಸಿಪ್ಪೆ ಮತ್ತು ಬೀಜದಿಂದ ಬರುತ್ತದೆ, ಓಕ್ ಪೀಪಾಯಿಯಿಂದಲೂ ಸ್ವಲ್ಪ ಇಳಿಯುತ್ತದೆ. ವರ್ಷ ಕಳೆದಂತೆ ಟ್ಯಾನಿನ್ನೂ ಬಣ್ಣದ ಕಣಗಳೂ ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗಿ ತಳ ಸೇರುತ್ತವೆ. ಬಾಯಿಯ ಒಗರು ಇಳಿಯುತ್ತದೆ, ಬಣ್ಣ ಕಡುನೇರಳೆಯಿಂದ ಹೆಂಚಿನ ಕೆಂಪಿಗೆ ತಿರುಗುತ್ತದೆ, ಬಾಟಲಿಯಲ್ಲಿ ಗಸಿ ನಿಲ್ಲುತ್ತದೆ. ಹಣ್ಣಿನ ಪರಿಮಳ ಅರ್ಧ ಹಿಂದೆ ಸರಿದು, ಮಳೆ ಬಿದ್ದ ದರಕು, ಕಾಡಿನ ಅಣಬೆ, ಹೊಗೆಸೊಪ್ಪು, ಚರ್ಮ, ಹಳೆಯ ಮರದ ಪೆಟ್ಟಿಗೆಯ ಮುಚ್ಚಳ ತೆಗೆದಾಗಿನ ವಾಸನೆ ಮುಂದೆ ಬರುತ್ತವೆ. ಅಲ್ಲಿಂದಲೂ ತಡವಾದರೆ ಹಣ್ಣು ಪೂರ್ತಿ ಹೋಗಿ ಹುಳಿ ಮತ್ತು ಒಣ ಒಗರು ಮಾತ್ರ ಉಳಿಯುತ್ತವೆ. ಒಳ್ಳೆಯ ವರ್ಷದಲ್ಲಿ ಒಳ್ಳೆಯ ಮನೆತನದ, ಅಂದರೆ ಹೆಸರಾದ ದ್ರಾಕ್ಷಿತೋಟದವರ, ವೈನಿಗೆ ಈ ನಡುವಿನ ಕಾಲ ಸುಮಾರಾಗಿ 20ರಿಂದ 30 ವರ್ಷದ ವಯಸ್ಸು. ಸಾಧಾರಣ ಮನೆತನದ್ದು 10-15 ವರ್ಷಕ್ಕೇ ಮುಗಿಸಬೇಕು.

ಎಡದಡ, ಬಲದಡ

ವರ್ಷಕ್ಕಿಂತ ಮೊದಲು ದಡ ತಿಳಿದಿರಬೇಕು, ಏಕೆಂದರೆ ಒಂದೇ ವರ್ಷ ಒಂದು ದಡಕ್ಕೆ ಒಲಿದು ಇನ್ನೊಂದಕ್ಕೆ ಮುನಿದದ್ದುಂಟು. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ತುಂಗಭದ್ರೆ ಆಗುವ ಹಾಗೆ, ಬೋರ್ಡೋ ನಗರ ದಾಟಿದ ಮೇಲೆ ಗರೋನ್ ಮತ್ತು ದೋರ್ದೋನ್ ನದಿಗಳು ಕೂಡಿ ಜಿರೋಂದ್ ಆಗುತ್ತವೆ. ಎಡದಡದಲ್ಲಿ ಮೆಡಾಕ್ ಸೀಮೆಯ ಊರುಗಳು: ಸ್ಯಾಂತೆಸ್ತೆಫ್, ಪೊಯಾಕ್, ಸ್ಯಾಂ ಜೂಲಿಯಾಂ, ಮಾರ್ಗೋ. ನಗರದ ಪಕ್ಕ ಪೆಸಾಕ್-ಲಿಯೋನ್ಯಾಂ. ಇಲ್ಲಿನ ನೆಲ ಬೆಣಚುಕಲ್ಲು. ನೀರು ನಿಲ್ಲುವುದಿಲ್ಲ, ಹಗಲಿನ ಶಾಖ ಹಿಡಿದಿಡುತ್ತದೆ. ತಡವಾಗಿ ಮಾಗುವ ಕ್ಯಾಬರ್ನೆ ಸೊವಿನ್ಯೋಂ ತಳಿಯ ದ್ರಾಕ್ಷಿಗೆ ಇದೇ ಬೇಕು. ಬಲದಡದ ಪೊಮೆರೋಲ್, ಸ್ಯಾಂತೆಮಿಲಿಯೋಂಗಳಲ್ಲಿ ಜೇಡಿಮಣ್ಣು, ಸುಣ್ಣಕಲ್ಲು. ಅಲ್ಲಿ ಬೇಗ ಮಾಗುವ ಮೆರ್ಲೋ ಹೆಚ್ಚು, ಜೊತೆಗೆ ಕ್ಯಾಬರ್ನೆ ಫ್ರಾಂ. ಮೆರ್ಲೋದ ವೈನ್ ಮೆತ್ತಗೆ, ಬೇಗ ಒಲಿಯುತ್ತದೆ. ಕ್ಯಾಬರ್ನೆಯದು ನೆಟ್ಟಗೆ, ಬಿಗಿ, ನಿಧಾನ.

ಮೆರ್ಲೋ ಕೊಯ್ಲು ಮುಗಿದ ಮೇಲೂ ಕ್ಯಾಬರ್ನೆ ಬಳ್ಳಿಯಲ್ಲಿ ಕಾಯುತ್ತಿರುತ್ತದೆ. ಆ ದಿನಗಳಲ್ಲಿ ಮಳೆ ಬಂದರೆ ಬಲದಡ ಬಚಾವ್, ಎಡದಡಕ್ಕೆ ಪೆಟ್ಟು. ಮಳೆ ಮೊದಲೇ ಬಂದು ಆಮೇಲೆ ಹವೆ ತಿಳಿಯಾದರೆ ಅದಲುಬದಲು. ಅಡಿಕೆ ಅಂಗಳದಲ್ಲಿ ಹರವಿದ ದಿನವೇ ಅಕಾಲ ಮಳೆ ಬಂದರೆ ಏನಾಗುತ್ತದೆಂದು ಬಲ್ಲ ನಾಡಿಗೆ ಈ ಲೆಕ್ಕ ಹೊಸದಲ್ಲ.

ವರ್ಷಗಳನ್ನು ಎದುರುಬದುರು ಇಟ್ಟರೆ

1996 ಎಡದಡದ ವರ್ಷ. ಕ್ಯಾಬರ್ನೆ ಬಿಸಿಲಲ್ಲಿ ಚೆನ್ನಾಗಿ ಮಾಗಿತು, ಬಲದಡದ ಮೆರ್ಲೋಗೆ ಮಳೆ ತಾಗಿತು. ಪೊಯಾಕ್, ಸ್ಯಾಂ ಜೂಲಿಯಾಂ, ಸ್ಯಾಂತೆಸ್ತೆಫ್ ಈ ಮೂರರಿಂದಲೇ ಆರು ಬಾಟಲಿ ಆರಿಸಿದರೆ ಹಳೆಯ ಬೋರ್ಡೋ ಹೇಗಿರಬೇಕೋ ಹಾಗೇ ಸಿಗುತ್ತದೆ: ಹುಳಿ ಚುರುಕು, ಒಗರು ಸಣ್ಣದಾಗಿ ಇನ್ನೂ ಉಳಿದಿರುತ್ತದೆ, ಪೆಟ್ಟಿಗೆ ಮರದ ವಾಸನೆ ಮುಂದೆ. ಗ್ರಾಂ ಪ್ವಿ ಲಾಕೋಸ್ತ್, ಲಿಯೋವಿಲ್ ಬಾರ್ತೋಂ, ಗ್ರುವೋ ಲಾರೋಜ್, ಮೋಂತ್ರೋಜ್ ಇವೆಲ್ಲ ಇಲ್ಲಿ ನಂಬಬಹುದಾದ ಮನೆತನಗಳು. ಮೊದಲ ದರ್ಜೆಯ ಲಾತೂರ್, ಲಾಫೀತ್ ಬೆನ್ನುಹತ್ತಬೇಕಾದ ಅಗತ್ಯವಿಲ್ಲ. ಅಂಥ ಒಂದು ಬಾಟಲಿಯ ಹಣದಲ್ಲಿ ಉಳಿದ ಇಡೀ ಸಾಲು ಬಂದುಬಿಡುತ್ತದೆ, ಮೇಜಿನ ಮೇಲಿದ್ದರೆ ಬೇರೆ ಐದರ ಮಾತೂ ನಿಂತುಹೋಗುತ್ತದೆ.

1998 ಇದರ ಕನ್ನಡಿ ಬಿಂಬ. ಮೆರ್ಲೋ ಮಳೆಗಿಂತ ಮುಂಚೆ ಗೂಡು ಸೇರಿತು. ಪೊಮೆರೋಲ್, ಸ್ಯಾಂತೆಮಿಲಿಯೋಂ ಅದ್ಭುತ, ಪೆಸಾಕ್ ಕೂಡ ಚೆನ್ನ, ಮೆಡಾಕ್ ಮಾತ್ರ ಒಗರು ಒರಟು. ಈ ವರ್ಷ ಆರಿಸಿದರೆ ಬಲದಡದಲ್ಲೇ ಇರಿ. ತೊಂದರೆ ಏನೆಂದರೆ ಪೊಮೆರೋಲ್ ತೀರಾ ಸಣ್ಣ ಪ್ರದೇಶ, ಬಾಟಲಿ ಕಡಿಮೆ, ಬೆಲೆ ಜಾಸ್ತಿ. ಆರು ಬಾಟಲಿ ಕೂಡಿಸುವುದೇ ಕಷ್ಟವಾಗಬಹುದು.

2000 ಎರಡೂ ದಡಕ್ಕೆ ಒಲಿದ ವರ್ಷ. ಸೊನ್ನೆಗಳ ಇಸವಿ ಎಂಬ ಕಾರಣಕ್ಕೂ ಬೆಲೆ ಏರಿತು. ವೈನ್ ಉತ್ತಮ, ಅದರಲ್ಲಿ ಅನುಮಾನ ಬೇಡ. ಆದರೆ ಅದರ ನೆರಳಲ್ಲಿ ನಿಂತ 2001 ಇದೆಯಲ್ಲ, ಹತ್ತು ಜನರ ಊಟಕ್ಕೆ ನಮ್ಮ ಮೊದಲ ಆಯ್ಕೆ ಅದು. ತಂಪು ಸೆಪ್ಟೆಂಬರ್, ನಿಧಾನ ಮಾಗುವಿಕೆ, ಹಗುರ ಮೈಕಟ್ಟು, ತಾಜಾ ಹುಳಿ. ಒಗರು ಈಗ ಕರಗಿದೆ. ಎರಡೂ ದಡದ ಬಾಟಲಿಗಳು ಪಕ್ಕಪಕ್ಕ ಕೂತರೂ ಒಂದು ಇನ್ನೊಂದನ್ನು ತುಳಿಯುವುದಿಲ್ಲ. ಮೂರು ಎಡ, ಎರಡು ಬಲ, ಒಂದು ಪೆಸಾಕ್ ಇಟ್ಟರೆ ಮೊದಲ ಸಲ ಕುಡಿಯುವವರಿಗೂ ದಡದ ವ್ಯತ್ಯಾಸ ತಾನೇ ತಿಳಿಯುತ್ತದೆ. ಇನ್ನೊಂದು ಲಾಭ: ಸೋತೆರ್ನ್ ಎಂಬ ಸಿಹಿ ಬಿಳಿ ವೈನಿಗೆ 2001 ಅಪರೂಪದ ವರ್ಷ. ಅದೇ ಇಸವಿಯ ಒಂದು ಅರ್ಧ ಬಾಟಲಿ, ಅಂದರೆ 375 ಮಿಲಿ, ಸಿಕ್ಕಿದರೆ ಊಟದ ಕೊನೆಗೆ ತಲಾ 35 ಮಿಲಿ. ತೊಡದೇವಿನ ಜೊತೆ ಕೊಡಿ. ಕಬ್ಬಿನ ಹಾಲಿನ ಆ ತೆಳು ಸಿಹಿ ಈ ವೈನಿನ ಸಿಹಿಯನ್ನು ಮೀರುವುದಿಲ್ಲ, ಜೊತೆ ಕೂಡಲು ಅಷ್ಟು ಸಾಕು.

2003 ಯುರೋಪಿಗೆ ಬಿಸಿಗಾಳಿ ಬಡಿದ ವರ್ಷ. ಬೆಣಚುಕಲ್ಲಿನ ತೋಟಗಳಲ್ಲಿ ಬಳ್ಳಿ ಬಾಯಾರಿ ನಿಂತಿತು. ಉತ್ತರದ ಸ್ಯಾಂತೆಸ್ತೆಫ್‌ನಲ್ಲಿ ಅಡಿಮಣ್ಣು ಜೇಡಿಯಾದ್ದರಿಂದ ತೇವ ಉಳಿಯಿತು, ಮೋಂತ್ರೋಜ್ ಮತ್ತು ಕೋಸ್ ದೆಸ್ತೂರ್ನೆಲ್ ಗೆದ್ದವು. ಉಳಿದ ಹಲವು ಈಗಾಗಲೇ ಸೊರಗಿವೆ. ಇಡೀ ಊಟವನ್ನು ಈ ವರ್ಷದ ಮೇಲೆ ನಿಲ್ಲಿಸಬೇಡಿ.

2004 ಕೈಗೆಟಕುವ ವರ್ಷ. ಫಸಲು ಹೆಚ್ಚಾಗಿತ್ತು. ಹಸಿಗೊಂಚಲು ಕಿತ್ತು ಬಳ್ಳಿಯ ಹೊರೆ ಇಳಿಸಿದವರ ವೈನ್ ಅಚ್ಚುಕಟ್ಟು, ಬಿಟ್ಟವರದು ತೆಳು, ದೊಣ್ಣೆಮೆಣಸಿನ ಹಸಿ ವಾಸನೆ. ಮನೆತನ ನೋಡಿ ಕೊಂಡರೆ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಊಟ. 2005 ಒಣ ಹವೆಯ ದೊಡ್ಡ ವರ್ಷ. ಮೇಲಿನ ಮನೆತನಗಳಲ್ಲಿ ಹಲವು ಇನ್ನೂ ಬಿಗಿ, ಇನ್ನೈದು ವರ್ಷ ಬಿಡುವುದು ಒಳಿತು. 2010 ಅದಕ್ಕಿಂತ ಬಿಗಿ. 2009 ಬಿಸಿಲುಂಡು ಬೆಳೆದದ್ದು, ಮೆದು, ತುಂಬು ಹಣ್ಣು. ಗುಂಪಿನಲ್ಲಿ ಒಗರು ಸೇರದವರೇ ಹೆಚ್ಚಿದ್ದರೆ ಅದು ಸುಲಭ, ಆದರೆ ದರಕು-ಅಣಬೆಯ ಹಳೆತನ ಅದರಲ್ಲಿ ಇನ್ನೂ ಪೂರ್ತಿ ಬಂದಿಲ್ಲ.

ಒಟ್ಟಿನಲ್ಲಿ, ಮೊದಲ ಊಟಕ್ಕೆ 2001, ಎರಡೂ ದಡ. ಬಾಯಿ ಪಳಗಿದವರಿಗೆ 1996, ಎಡದಡ ಮಾತ್ರ. ಹಣ ಬಿಗಿಯಿದ್ದರೆ 2004.

ಬಾಟಲಿ ಕೊಳ್ಳುವಾಗ

ವರ್ಷ ಸರಿಯಿದ್ದು ಬಾಟಲಿ ಕೆಟ್ಟಿದ್ದರೆ ಏನೂ ಪ್ರಯೋಜನವಿಲ್ಲ. ಕೊಳ್ಳುವ ಮೊದಲು ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ಹಿಂದಿನಿಂದ ಬೆಳಕು ಬಿಟ್ಟು ತೆಗೆದ ಚಿತ್ರ ತರಿಸಿಕೊಳ್ಳಿ. ಬೋರ್ಡೋ ಬಾಟಲಿಗೆ ಹೆಗಲು ಸ್ಪಷ್ಟವಾಗಿರುವುದರಿಂದ ಮಟ್ಟ ಅಳೆಯುವುದು ಸುಲಭ. 20-25 ವರ್ಷದ್ದಕ್ಕೆ ವೈನ್ ಕುತ್ತಿಗೆಯ ಒಳಗೆ ಅಥವಾ ಕುತ್ತಿಗೆಯ ಬುಡದಲ್ಲಿ ಇರಬೇಕು. ಹೆಗಲಿನ ಮೇಲ್ತುದಿಗೆ ಇಳಿದಿದ್ದರೆ ಮೂವತ್ತರ ಆಸುಪಾಸಿನದಕ್ಕೆ ಒಪ್ಪಬಹುದು. ಹೆಗಲಿನ ನಡುಮಟ್ಟಕ್ಕೆ ಬಂದಿದ್ದರೆ ಬಿಟ್ಟುಬಿಡಿ. ಬಿರಡೆ ಸೋರಿ ಗಾಳಿ ಹೊಕ್ಕಿರುತ್ತದೆ, ಒಳಗೆ ಕಂದುಬಣ್ಣದ, ಚಪ್ಪೆ ಸೇಬಿನ ವಾಸನೆಯ ದ್ರವ ಇರುವ ಸಂಭವ ಹೆಚ್ಚು. ಮೇಲಿನ ತಗಡಿನ ಟೋಪಿ ಬೆರಳಲ್ಲಿ ತಿರುಗುತ್ತದೆಯೇ ಕೇಳಿ. ಅಂಟಿಕೊಂಡಿದ್ದು ಕೆಳಗೆ ಜಿಗುಟು ಕಲೆ ಕಂಡರೆ ಒಮ್ಮೆ ಬಿಸಿ ತಾಗಿ ಉಕ್ಕಿದೆ ಎಂದು ತಿಳಿಯಿರಿ.

ಶಿವಮೊಗ್ಗದ ಅಂಗಡಿಗಳಲ್ಲಿ ಇಂಥ ಹಳೆಯ ಇಸವಿ ಹುಡುಕಿ ಫಲವಿಲ್ಲ. ವಿದೇಶದಿಂದ ಬರುವವರು ತರುವುದೇ ವಾಡಿಕೆಯ ದಾರಿ. ಭಾರತಕ್ಕೆ ಬರುವ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದದ್ದು 2 ಲೀಟರ್, ಅಂದರೆ 750 ಮಿಲಿಯ ಎರಡು ಬಾಟಲಿ. ಆರಕ್ಕೆ ಮೂವರು ಬೇಕು, ಏಳನೆಯದಕ್ಕೆ ನಾಲ್ಕನೆಯವರು. ಏಳನೆಯದು ಬೇಕೇ ಬೇಕು. ಯಾವುದಾದರೂ ಒಂದು ಬಾಟಲಿ ಕಾರ್ಕ್ ದೋಷದಿಂದ, ಅಂದರೆ ಬಿರಡೆಯಿಂದ ವೈನಿಗೆ ಹತ್ತುವ ಮುಗ್ಗು ವಾಸನೆಯಿಂದ, ಕೆಟ್ಟಿರಬಹುದು, ಅದಕ್ಕೆ ಮನೆಯಲ್ಲಿ ಮದ್ದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವ ಪ್ರಮಾಣಕ್ಕೆ ರಾಜ್ಯದ ಅಬಕಾರಿ ನಿಯಮದಲ್ಲಿ ಮಿತಿಯಿದೆ, ಕಚೇರಿಯಲ್ಲಿ ವಿಚಾರಿಸಿಯೇ ಕೂಡಿಡಿ. ಪರವಾನಗಿ ಇಲ್ಲದೆ ತಲೆಗಿಷ್ಟು ಎಂದು ದುಡ್ಡು ಪಡೆದು ಬಡಿಸುವ ಹಾಗಿಲ್ಲ.

ಪ್ರಯಾಣ ಮಾಡಿ ಬಂದ ಬಾಟಲಿಯನ್ನು ಕನಿಷ್ಠ ಎರಡು ವಾರ ಅಲ್ಲಾಡಿಸದೆ ಮಲಗಿಸಿಡಿ. ಮಲೆನಾಡಿನ ತೇವ ಬಿರಡೆಗೆ ಒಳ್ಳೆಯದೇ, ಒಣಗಿ ಕುಗ್ಗುವುದಿಲ್ಲ. ಹಾಳಾಗುವುದು ಚೀಟಿ: ಜುಲೈ ಮುಗಿಯುವುದರೊಳಗೆ ಬೂಷ್ಟು ಹಿಡಿದು ಇಸವಿಯೇ ಓದಲು ಬರುವುದಿಲ್ಲ. ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಎರಡು ಸುತ್ತು ಸುತ್ತಿ. ವೈನ್ ಫ್ರಿಜ್ ಇದ್ದರೆ 12-14 ಡಿಗ್ರಿಗೆ ಇಡಿ. ಮಳೆಗಾಲದಲ್ಲಿ ಕರೆಂಟು ಹೋದಾಗ ಬಾಗಿಲು ತೆರೆಯಬೇಡಿ, ಕೆಲವು ಗಂಟೆ ತಾನೇ ತಡೆಯುತ್ತದೆ. ಫ್ರಿಜ್ ಇಲ್ಲದವರು ಹಳೆಯ ಮನೆಯ ಮಣ್ಣಿನ ಗೋಡೆಯ ಒಳಕೋಣೆಯಲ್ಲಿ, ನೆಲಮಟ್ಟದಲ್ಲಿ ಇಡಬಹುದು. ಅಟ್ಟದ ಮೇಲೆ ಖಂಡಿತ ಬೇಡ. ಹೆಂಚಿನ ಕೆಳಗೆ ಏಪ್ರಿಲ್ ಬಿಸಿಲು ಒಂದೇ ತಿಂಗಳಲ್ಲಿ ಇಪ್ಪತ್ತು ವರ್ಷದ ತಾಳ್ಮೆಯನ್ನು ಕೆಡಿಸುತ್ತದೆ.

ಸುರಿದು ಇಡುವುದೋ, ನೇರ ಬಡಿಸುವುದೋ

ಊಟಕ್ಕೆ ಡಿಸೆಂಬರ್-ಜನವರಿ ಆರಿಸಿ. ಬಡಿಸಬೇಕಾದ ಶಾಖ 16-18 ಡಿಗ್ರಿ. ಆ ತಿಂಗಳ ರಾತ್ರಿ ಜಗಲಿಯ ಗಾಳಿಯೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಬೇರೆ ತಿಂಗಳಾದರೆ 26-27 ಡಿಗ್ರಿಯ ಕೋಣೆಯಿಂದ ತೆಗೆದ ಬಾಟಲಿಯನ್ನು ಸಾಮಾನ್ಯ ಫ್ರಿಜ್ಜಿನಲ್ಲಿ ಒಂದೂವರೆ ಗಂಟೆ, ನಿಲ್ಲಿಸಿಯೇ ಇಡಿ. ಐಸ್ ಬಕೆಟ್ಟಿನಲ್ಲಿ ಬೇಗ ತಣಿಯುತ್ತದೆ ನಿಜ, ಆದರೆ ಎತ್ತಿ ಇಳಿಸಿ ಗಸಿ ಕದಡುತ್ತದೆ. ಬಿಸಿ ಹೆಚ್ಚಿದ್ದರೆ ಆಲ್ಕೋಹಾಲ್ ಮೂಗಿಗೆ ಹೊಡೆಯುತ್ತದೆ, ತಣ್ಣಗೆ ಹೆಚ್ಚಿದ್ದರೆ ಒಗರು ಮತ್ತೆ ತಲೆ ಎತ್ತುತ್ತದೆ.

ಎರಡು ದಿನ ಮೊದಲೇ ಎಲ್ಲ ಬಾಟಲಿ ನೆಟ್ಟಗೆ ನಿಲ್ಲಲಿ. ಹಳೆಯ ಬಿರಡೆಗೆ ಸಾಧಾರಣ ತಿರುಪು ಓಪನರ್ ಹಾಕಿದರೆ ನಡುವೆ ಮುರಿಯುತ್ತದೆ. ಎರಡು ಅಲಗಿನ ಓಪನರ್ ತರಿಸಿ: ಉದ್ದದ ಅಲಗು ಮೊದಲು, ಗಾಜಿಗೂ ಬಿರಡೆಗೂ ನಡುವೆ, ಎಡಬಲ ಅಲುಗಿಸುತ್ತ ಇಳಿಸಿ, ಆಮೇಲೆ ತಿರುಗಿಸುತ್ತ ಎಳೆಯಬೇಕು. ಬಿರಡೆ ಸಡಿಲವಿದ್ದರೆ ಮಾತ್ರ ಇದೇ ಓಪನರ್ ಅದನ್ನು ಒಳಗೆ ತಳ್ಳಿಬಿಡುತ್ತದೆ, ಆಗ ತಿರುಪಿನದೇ ಸರಿ. ಪುಡಿ ಬಿದ್ದರೆ ತೊಳೆದ ಸ್ಟೀಲ್ ಟೀ ಜಾಲರಿಯಲ್ಲಿ ಸೋಸಿ. ಬಟ್ಟೆಯಲ್ಲಿ ಸೋಸಿದರೆ ಸೋಪಿನ ವಾಸನೆ ಇಳಿಯುತ್ತದೆ.

ಈಗ ಸುರಿಯುವುದು. ಅಗಲ ತಳದ ಗಾಜಿನ ಹೂಜಿ, ಬಾಟಲಿಯ ಹೆಗಲ ಕೆಳಗೆ ಮೊಬೈಲಿನ ಟಾರ್ಚ್ ಮೇಲ್ಮುಖವಾಗಿ. ಬಾಟಲಿಯನ್ನು ನಿಧಾನ ಬಾಗಿಸಿ ಒಂದೇ ಧಾರೆಯಲ್ಲಿ, ನಡುವೆ ನಿಲ್ಲಿಸದೆ ಸುರಿಯಬೇಕು. ನಿಲ್ಲಿಸಿದರೆ ಅಲೆ ಹಿಂದೆ ಹೊಡೆದು ಗಸಿ ಏಳುತ್ತದೆ. ಮೊದಲ ಮುಕ್ಕಾಲು ಭಾಗ ಬೆಳಕಿನಲ್ಲಿ ಮಾಣಿಕ್ಯದಂತೆ ತಿಳಿ. ಆಮೇಲೆ ಹೆಗಲಿನ ಒಳಗೆ ಊದುಬತ್ತಿಯ ಹೊಗೆಯ ಎಳೆಯಂಥದ್ದು ತೇಲಿ ಬರುತ್ತದೆ. ಅದು ಕುತ್ತಿಗೆಗೆ ಮುಟ್ಟುವ ಕ್ಷಣವೇ ಕೈ ಎತ್ತಿ. ತಳದಲ್ಲಿ ಉಳಿಯುವ 30-50 ಮಿಲಿಯ ಆಸೆ ಬಿಡಿ, ಕಾಫಿ ಚರಟ ಜಗಿದ ಹಾಗೆ ಕಹಿ.

ಎಷ್ಟು ಹೊತ್ತು ಮೊದಲು? 1996ರ ಎಡದಡ 45 ನಿಮಿಷದಿಂದ ಒಂದು ಗಂಟೆ. 2001, 2004 ಅರ್ಧ ಗಂಟೆ ಸಾಕು. 1998ರ ಬಲದಡವೂ ಅಷ್ಟೇ. 2003 ಬಡಿಸುವ ಹೊತ್ತಿಗೆ ಸುರಿಯಿರಿ, ಗಾಳಿಯಲ್ಲಿ ಬೇಗ ಬಾಡುತ್ತದೆ. 2005 ತೆರೆಯಲೇಬೇಕಾದರೆ ಮೂರು ಗಂಟೆ. ಬಿರಡೆ ತೆಗೆದೊಡನೆ ಪ್ರತಿಯೊಂದನ್ನೂ ಮೂಸಿ ನೋಡಿ. ಒದ್ದೆ ರಟ್ಟಿನ ವಾಸನೆ ಬಂದು ಹಣ್ಣೇ ಇಲ್ಲದಿದ್ದರೆ ಕಾರ್ಕ್ ದೋಷ, ಹತ್ತು ನಿಮಿಷದಲ್ಲಿ ಅದು ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಬರಿಯ ಮುಚ್ಚಿಟ್ಟ ವಾಸನೆಯಾದರೆ ಗಾಳಿಗೆ ಹೋಗುತ್ತದೆ.

ಆದರೆ ವೈನನ್ನು ದೂರುವ ಮೊದಲು ಖಾಲಿ ಗ್ಲಾಸು ಮೂಸಿ. ಮಲೆನಾಡಿನ ಮರದ ಬೀರುವಿನಲ್ಲಿ ಕವುಚಿಟ್ಟ ಗ್ಲಾಸಿನೊಳಗೆ ಬೂಷ್ಟಿನ ವಾಸನೆ ಕೂತಿರುತ್ತದೆ, ಅದು ಥೇಟ್ ಕಾರ್ಕ್ ದೋಷದ ಹಾಗೇ. ಅಂದು ಬೆಳಿಗ್ಗೆ ಸೋಪಿಲ್ಲದ ಬಿಸಿನೀರಲ್ಲಿ ತೊಳೆದು, ಮೇಲ್ಮುಖವಾಗಿ ಗಾಳಿಗೆ ಇಡಿ. ಮೂರು ಮೂರರಂತೆ ಎರಡು ಸುತ್ತು ಬಡಿಸಿದರೆ ತಲೆಗೆ ಮೂರು, ಒಟ್ಟು ಮೂವತ್ತು ಗ್ಲಾಸು. ಮೊದಲ ಸುತ್ತಿಗೆ ಬಲದಡ ಮತ್ತು ಪೆಸಾಕ್, ಎರಡನೆಯದಕ್ಕೆ ಮೆಡಾಕ್. ಹೆಸರು ಆರೂ ಮೊದಲೇ ತಿಳಿಸಿ, ಸುತ್ತಿನೊಳಗಿನ ಕ್ರಮ ಮಾತ್ರ ಮುಚ್ಚಿಡಿ. ಪೂರ್ತಿ ಮುಚ್ಚಿದರೆ ಹೊಸಬರು ಊಹಿಸುವುದರಲ್ಲೇ ಕಳೆದುಹೋಗುತ್ತಾರೆ, ಪೂರ್ತಿ ತೆರೆದಿಟ್ಟರೆ ನಾಲಗೆಗಿಂತ ಚೀಟಿಯೇ ಮಾತಾಡುತ್ತದೆ.

ಊಟ

ಹಳೆಯ ವೈನಿಗೆ ಖಾರ ಮತ್ತು ಹುಳಿ ಎರಡೂ ಆಗದು. ಒಣಮೆಣಸಿನ ಉರಿ ಒಗರನ್ನೂ ಆಲ್ಕೋಹಾಲನ್ನೂ ಎತ್ತಿ ತೋರಿಸುತ್ತದೆ, ಹುಣಸೆ ಹುಳಿ ಹಣ್ಣಿನ ಎಳೆಯನ್ನೇ ಅಳಿಸುತ್ತದೆ. ಕೆಂಪಗೆ ರುಬ್ಬಿದ ಕೋಳಿಸಾರು ಈ ಒಂದು ರಾತ್ರಿ ಬೇಡ. ಕುರಿಯ ತೊಡೆಮಾಂಸವನ್ನು ತುಪ್ಪ, ಈರುಳ್ಳಿ, ಜಜ್ಜಿದ ಕಾಳುಮೆಣಸಿನಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿ, ಕಡುಬು ಅಥವಾ ಅಕ್ಕಿ ರೊಟ್ಟಿ ಜೊತೆಗಿಡಿ. ಒಂದು ಕಿಲೋ ಮಾಂಸಕ್ಕೆ ಕಾಳುಮೆಣಸು ಎರಡು ಚಹಾ ಚಮಚ ಮೀರದಿರಲಿ. ಮಾಂಸದ ಕೊಬ್ಬು, ಪ್ರೋಟೀನು ಟ್ಯಾನಿನ್ನನ್ನು ಹಿಡಿದುಕೊಳ್ಳುವುದರಿಂದ 1996ಕ್ಕೆ ಇದು ಸರಿಯಾದ ಜೋಡಿ. ಸಸ್ಯಾಹಾರಿಗಳಿಗೆ ಬೆಣ್ಣೆಯಲ್ಲಿ ಹುರಿದ ಅಣಬೆ, ಒತ್ತು ಶ್ಯಾವಿಗೆ. 2001ಕ್ಕೆ ಮಾಂಸಕ್ಕಿಂತ ಅದೇ ಹೆಚ್ಚು ಹೊಂದುತ್ತದೆ. ಉಪ್ಪು ಸ್ವಲ್ಪ ಮುಂದಿರಲಿ, ಕಹಿ ಇಳಿಯುತ್ತದೆ. ಕಳಲೆಯ ಗಾಢ ವಾಸನೆ, ಅಪ್ಪೆಮಿಡಿಯ ಸೊನೆ ಎರಡನ್ನೂ ಅಡುಗೆಮನೆಯಲ್ಲೇ ಬಿಡಿ. ಮೇಜಿನ ಮೇಲೆ ಊದುಬತ್ತಿ, ಮಲ್ಲಿಗೆ ಬೇಡ.

ಎಲೆ-ಅಡಿಕೆಯ ವಿಷಯ ಆಹ್ವಾನದಲ್ಲೇ ಹೇಳಿಬಿಡಿ. ಸಂಜೆ ನಾಲ್ಕರ ಮೇಲೆ ಕವಳ ಹಾಕಿದ ಬಾಯಿಗೆ ಸುಣ್ಣ ಮತ್ತು ಚೊಗರಿನ ಪದರ ಅಂಟಿರುತ್ತದೆ, ಆರೂ ವೈನ್ ಒಂದೇ ಆಗುತ್ತದೆ.

ಲೆಕ್ಕ

750ರಲ್ಲಿ ಗಸಿ ಕಳೆದು 700 ಮಿಲಿ. ಹತ್ತು ಜನಕ್ಕೆ ತಲಾ 50 ಮಿಲಿಯಂತೆ ಬಡಿಸಿದರೆ ಪ್ರತಿ ಹೂಜಿಯಲ್ಲಿ 200 ಮಿಲಿ ಉಳಿಯುತ್ತದೆ. ಆರಕ್ಕೆ ತಲಾ 300 ಮಿಲಿ. 13 ಶೇಕಡಾ ಆಲ್ಕೋಹಾಲ್ ಎಂದರೆ ಸುಮಾರು 30 ಗ್ರಾಂ ಶುದ್ಧ ಆಲ್ಕೋಹಾಲ್. ಗಾಡಿ ಓಡಿಸುವವರ ರಕ್ತದಲ್ಲಿ ಕಾನೂನಿನ ಮಿತಿ 100 ಮಿಲಿಗೆ 30 ಮಿಲಿಗ್ರಾಂ. ಇಷ್ಟು ಕುಡಿದವರು ಆ ಮಿತಿ ದಾಟಿರಬಹುದು. ಆಗುಂಬೆ ಅಥವಾ ಹುಲಿಕಲ್ ಘಾಟಿ ಇಳಿಯಬೇಕಾದವರಿಗೆ ರಾತ್ರಿ ಅಲ್ಲೇ ಹಾಸಿಗೆ ಹಾಕಿಸಿ, ಇಲ್ಲವೇ ಕುಡಿಯದ ಚಾಲಕರನ್ನು ಗೊತ್ತುಮಾಡಿ. ಉಗುಳಿ ರುಚಿ ನೋಡುವವರಿಗೆ ಮನೆಯ ಹಿತ್ತಾಳೆ ಪೀಕದಾನಿಯನ್ನು ಚೆನ್ನಾಗಿ ತಿಕ್ಕಿ ಕೊಡಿ. ರುಚಿ ನೋಡುವ ಕೂಟದಲ್ಲಿ ಉಗುಳುವುದು ಅಗೌರವವಲ್ಲ.

ಉಳಿದ 200 ಮಿಲಿ ಕೊನೆಯ ಅರ್ಧ ಗಂಟೆಗೆ. ತಟ್ಟೆ ಎತ್ತಿದ ಮೇಲೆ ಆರೂ ಹೂಜಿಗಳನ್ನು ಸಾಲಾಗಿ ಇಟ್ಟು, ಪ್ರತಿಯೊಬ್ಬರೂ ತಮಗೆ ಹಿಡಿಸಿದ ಒಂದಕ್ಕೆ ಮತ್ತು ಹಿಡಿಸದ ಒಂದಕ್ಕೆ ಒಂದೊಂದು ಗುಟುಕಿಗಾಗಿ ಮರಳಲಿ. ಎರಡು ಗಂಟೆಯ ಗಾಳಿಯಲ್ಲಿ ಸ್ಯಾಂತೆಸ್ತೆಫ್ ಒಂದು ಅರಳಿರುತ್ತದೆ, ಮೊದಲು ಎಲ್ಲರೂ ಮೆಚ್ಚಿದ ಪೊಮೆರೋಲ್ ಬಾಡಿರಲೂಬಹುದು. ಆಗ ಬಾಟಲಿಗಳ ಮೇಲಿನ ಹೊದಿಕೆ ತೆಗೆಯಿರಿ, ಆಮೇಲೆ ಎಲೆ-ಅಡಿಕೆಯ ತಟ್ಟೆ ಬರಲಿ.